ವರದಿ ಬಂದಾಗ ರೋಗಿಯೇ ಇರಲಿಲ್ಲ: ಟುಗೇಲಾ ಫೆರ್ರಿಯ ಟಿಬಿ ಪ್ರಕರಣ

2005ರಲ್ಲಿ ಟುಗೇಲಾ ಫೆರ್ರಿಯ ಆಸ್ಪತ್ರೆಯಲ್ಲಿ ಸಾಯಬಾರದವರು ಸಾಯುತ್ತಿದ್ದರು. ಎಚ್‌ಐವಿ ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡವರು. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದಿದ್ದವರು. ಅವರಿಗೆ ಟಿಬಿಯೂ ಇತ್ತು, ಅದಕ್ಕೂ ಮಾತ್ರೆ ನಡೆದಿತ್ತು. ಲೆಕ್ಕದ ಪ್ರಕಾರ ಅವರು ಬದುಕಬೇಕಿತ್ತು. ಆದರೆ ಟಿಬಿಯಿಂದಲೇ ತೀರಿಕೊಳ್ಳುತ್ತಿದ್ದರು.

ಟುಗೇಲಾ ಫೆರ್ರಿ ಇರುವುದು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ, ಟುಗೇಲಾ ನದಿಯ ದಡದಲ್ಲಿ. ಸುತ್ತ ಒಣ ಗುಡ್ಡಗಳು, ಜುಲು ಮಾತನಾಡುವ ಹಳ್ಳಿಗಳು. ಕೆಲಸ ಹುಡುಕಿಕೊಂಡು ಗಂಡಸರು ದೂರದ ಗಣಿಗಳಿಗೆ, ಪಟ್ಟಣಗಳಿಗೆ ಹೋಗುವ ಸೀಮೆ ಅದು. ಸುಮಾರು 2 ಲಕ್ಷ ಜನಕ್ಕೆ ಅಲ್ಲಿನ ಚರ್ಚ್ ಆಫ್ ಸ್ಕಾಟ್ಲೆಂಡ್ ಆಸ್ಪತ್ರೆಯೇ ಗತಿ. ಹೆಸರು ಹಾಗಿದ್ದರೂ ನಡೆಸುವುದು ಸರ್ಕಾರ. 350ರಷ್ಟು ಹಾಸಿಗೆ.

ಅಲ್ಲಿನ ವೈದ್ಯ ಟೋನಿ ಮೋಲ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಫ್ರೀಡ್‌ಲ್ಯಾಂಡ್ ತಂಡದ ಜೊತೆ ಸೇರಿ ಟಿಬಿ ಮತ್ತು ಎಚ್‌ಐವಿ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡುವ ಕೆಲಸ ಶುರುಮಾಡಿದ್ದರು. ಹಾಗೆ ಹತ್ತಿರದಿಂದ ನೋಡಿಕೊಳ್ಳುತ್ತಿದ್ದ ರೋಗಿಗಳೇ ಕೈತಪ್ಪಿ ಹೋಗುತ್ತಿದ್ದರು. ಇದನ್ನು 'ಎಚ್‌ಐವಿ ರೋಗಿಗಳು ಅಲ್ವಾ, ಸಾಯುತ್ತಾರೆ' ಅಂತ ಬಿಟ್ಟುಬಿಡುವುದು ಸುಲಭವಿತ್ತು. ಆಗ ಆ ಪ್ರಾಂತ್ಯದಲ್ಲಿ ಅಷ್ಟೊಂದು ಸಾವು ನಡೆಯುತ್ತಿತ್ತು. ಮೋಲ್ ಬಿಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಂದು ಅನುಮಾನ. ಅವರು ರೋಗಿಗಳ ಕಫವನ್ನು ಡರ್ಬನ್ನಿನ ಲ್ಯಾಬಿಗೆ ಕಳಿಸಿದರು. ಯಾವ ಔಷಧಿಗೆ ಈ ಬ್ಯಾಕ್ಟೀರಿಯಾ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಅಂತ ಬೆಳೆಸಿ ನೋಡುವ ಪರೀಕ್ಷೆ ಮಾಡಿಸಿದರು.

ಬಂದ ಉತ್ತರ ಯಾರೂ ಊಹಿಸಿದ್ದಲ್ಲ. ಕೆಲವು ರೋಗಿಗಳ ಟಿಬಿ ಲ್ಯಾಬಿನಲ್ಲಿ ಪರೀಕ್ಷಿಸಿದ ಆರೂ ಔಷಧಿಗಳಿಗೆ ಬಗ್ಗಿರಲಿಲ್ಲ. ಐಸೋನಿಯಜಿಡ್, ರಿಫಾಂಪಿಸಿನ್, ಎಥಾಂಬುಟಾಲ್, ಸ್ಟ್ರೆಪ್ಟೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಕನಾಮೈಸಿನ್. ಯಾವುದೂ ನಡೆಯಲಿಲ್ಲ.

ಎಣಿಕೆ

ಆಮೇಲೆ ತಂಡ ದೊಡ್ಡ ಮಟ್ಟದಲ್ಲಿ ಹುಡುಕಿತು. 2005ರ ಜನವರಿಯಿಂದ 2006ರ ಮಾರ್ಚ್‌ವರೆಗೆ 1,539 ರೋಗಿಗಳ ಕಫ ತೆಗೆದುಕೊಂಡರು. 221 ಮಂದಿಯಲ್ಲಿ ಎಂಡಿಆರ್ ಟಿಬಿ ಸಿಕ್ಕಿತು. ಅಂದರೆ ಟಿಬಿಯ ಎರಡು ಮುಖ್ಯ ಔಷಧಿಗಳಾದ ಐಸೋನಿಯಜಿಡ್ ಮತ್ತು ರಿಫಾಂಪಿಸಿನ್‌ಗೆ ಬಗ್ಗದ ಟಿಬಿ. ಅವರಲ್ಲಿ 53 ಮಂದಿಗೆ ಇನ್ನೂ ಮುಂದಿನ ಹಂತದ ಎಕ್ಸ್‌ಡಿಆರ್ ಟಿಬಿ. ಮೊದಲಿನವು ಸೋತಾಗ ಕೊಡುವ ಎರಡನೇ ಸಾಲಿನ ಔಷಧಿಗಳೂ ಕೈಕೊಟ್ಟ ಟಿಬಿ ಅದು.

53 ಮಂದಿಯಲ್ಲಿ 52 ಮಂದಿ ಸತ್ತರು.

ಸಾವಿನ ದಿನಾಂಕ ಖಚಿತವಾಗಿದ್ದ 42 ಮಂದಿಯ ಲೆಕ್ಕ ನೋಡಿದರೆ, ಅರ್ಧದಷ್ಟು ಜನ ಕಫ ಕೊಟ್ಟ 16 ದಿನದೊಳಗೇ ಹೋಗಿಬಿಟ್ಟಿದ್ದರು. ಈ 16 ಅನ್ನುವ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

ಯಾಕೆಂದರೆ ಲ್ಯಾಬಿನ ಗಡಿಯಾರ ಬೇರೆಯೇ ಇತ್ತು. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆ ತಟ್ಟೆಯ ತುಂಬಾ. ಟಿಬಿ ಬ್ಯಾಕ್ಟೀರಿಯಾ ಎರಡಾಗಲು ಸುಮಾರು ಒಂದು ದಿನ ಬೇಕು. ಹಾಗಾಗಿ ಮೊಟ್ಟೆ ಬೆರೆಸಿ ಮಾಡಿದ ಗಟ್ಟಿ ಮಾಧ್ಯಮದ ಮೇಲೆ ಅದು ಕಣ್ಣಿಗೆ ಕಾಣುವಷ್ಟು ಬೆಳೆಯಲು 3ರಿಂದ 8 ವಾರ ಹಿಡಿಯುತ್ತದೆ. ದ್ರವ ಮಾಧ್ಯಮದಲ್ಲಿ ಬೇಗ ಆಗುತ್ತದೆ, ಆದರೂ ವಾರಗಳ ಮಾತೇ. ಅದು ಬೆಳೆದ ಮೇಲೆ ಔಷಧಿ ಬೆರೆಸಿ ಮತ್ತೆ ಬೆಳೆಸಿ ನೋಡಬೇಕು. ಅಷ್ಟರಲ್ಲಿ 16 ದಿನ ಯಾವಾಗಲೋ ಕಳೆದಿರುತ್ತದೆ. ಟುಗೇಲಾ ಫೆರ್ರಿಯಲ್ಲಿ ಎಷ್ಟೋ ವರದಿಗಳು ಬಂದದ್ದು ಹೆಸರಿನ ಮುಂದೆ ಆಗಲೇ 'ತೀರಿಕೊಂಡರು' ಅಂತ ಬರೆದಿದ್ದವರಿಗೆ.

ಬೇಗ ಆಗುವ ಪರೀಕ್ಷೆ ಒಂದು ಇತ್ತು. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ದಶಕಗಟ್ಟಲೆ ನಡೆದದ್ದು ಇದೇ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಟಿಬಿ. ಆದರೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5 ರಿಂದ 10 ಸಾವಿರ ಬ್ಯಾಕ್ಟೀರಿಯಾ ಇರಬೇಕು. ಎಚ್‌ಐವಿ ಇರುವವರ ಕಫದಲ್ಲಿ ಅಷ್ಟು ಇರುವುದೇ ಕಡಿಮೆ. ಕಂಡರೂ ಆ ಕೆಂಪು ಕಡ್ಡಿ ಔಷಧಿಗೆ ಸಾಯುವುದೋ ಇಲ್ಲವೋ ಅಂತ ನೋಡಿ ಹೇಳಲು ಆಗುವುದಿಲ್ಲ.

ಯಾರನ್ನು ಪರೀಕ್ಷೆ ಮಾಡುತ್ತಿರಲಿಲ್ಲ

ಇಲ್ಲಿ ಇನ್ನೊಂದು ವಿಷಯವಿದೆ, ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಆ ಕಾಲದ ಪದ್ಧತಿಯಲ್ಲಿ ಔಷಧಿ-ನಿರೋಧದ ಪರೀಕ್ಷೆ ಎಲ್ಲರಿಗೂ ಇರಲಿಲ್ಲ. ಮೊದಲು ಟಿಬಿ ಮಾತ್ರೆ ತಗೊಂಡು ಗುಣವಾಗದವರಿಗೆ, ಮಧ್ಯದಲ್ಲಿ ಬಿಟ್ಟವರಿಗೆ, ರೋಗ ಮರುಕಳಿಸಿದವರಿಗೆ ಮಾತ್ರ. ಇದರ ಹಿಂದೆ ಒಂದು ನಂಬಿಕೆ ಇತ್ತು: ಔಷಧಿಗೆ ಬಗ್ಗದ ಟಿಬಿ ಬರುವುದು ಮಾತ್ರೆ ಸರಿಯಾಗಿ ನುಂಗದವರಿಗೆ, ತಪ್ಪು ರೋಗಿಯದು.

ಟುಗೇಲಾ ಫೆರ್ರಿಯ ಎಕ್ಸ್‌ಡಿಆರ್ ರೋಗಿಗಳಲ್ಲಿ ಹಿಂದಿನ ವಿವರ ಸಿಕ್ಕಿದ್ದು 47 ಮಂದಿಯದು. ಅವರಲ್ಲಿ 26 ಮಂದಿ ಅದಕ್ಕೆ ಮುಂಚೆ ಟಿಬಿ ಮಾತ್ರೆಯನ್ನೇ ಮುಟ್ಟಿರಲಿಲ್ಲ. ಅವರಿಗೆ ಮೊದಲ ದಿನವೇ ಬಂದದ್ದು ಔಷಧಿಗೆ ಬಗ್ಗದ ಟಿಬಿ. ಎಲ್ಲಿಂದ ಬಂತು? ಇನ್ನೊಬ್ಬರ ಕೆಮ್ಮಿನಿಂದ, ಗಾಳಿಯಲ್ಲಿ. ಆಸ್ಪತ್ರೆಯ ದಾಖಲೆ ಸಿಕ್ಕ 42 ಮಂದಿಯಲ್ಲಿ 28 ಮಂದಿ ಹಿಂದಿನ ಎರಡು ವರ್ಷದಲ್ಲಿ ಆಸ್ಪತ್ರೆಗೆ ದಾಖಲಾಗಿದ್ದವರು. ಬ್ಯಾಕ್ಟೀರಿಯಾದ ವಂಶ ನೋಡಿದಾಗ 46ರಲ್ಲಿ 39 ಒಂದೇ ಮನೆತನದ್ದು. ಅಂದರೆ ಹರಡಿದ್ದು ಬಹುಪಾಲು ವಾರ್ಡಿನೊಳಗೇ, ಹಾಸಿಗೆಯಿಂದ ಹಾಸಿಗೆಗೆ. ವಾಸಿಯಾಗಲು ಬಂದ ಜಾಗದಲ್ಲೇ ರೋಗ ಅಂಟಿತ್ತು. ಎಚ್‌ಐವಿ ಪರೀಕ್ಷೆಯಾದ 44 ಮಂದಿಯೂ ಎಚ್‌ಐವಿ ಇದ್ದವರೇ. ದೇಹದಲ್ಲಿ ತಡೆಯುವ ಶಕ್ತಿ ಕುಗ್ಗಿದ್ದರಿಂದ ಅಂಟಿದ ಟಿಬಿ ವರ್ಷಗಟ್ಟಲೆ ಮಲಗಿರಲಿಲ್ಲ, ತಕ್ಷಣ ಎದ್ದಿತು.

ಈಗ ಪರೀಕ್ಷೆ ತಡವಾದದ್ದರ ಬೆಲೆ ಎರಡು ಕಡೆ ಕಾಣುತ್ತದೆ. ಒಂದು, ರೋಗಿಗೆ ಕೆಲಸ ಮಾಡದ ಮಾತ್ರೆ ನಡೆದಿರುತ್ತದೆ. ಇನ್ನೊಂದು, ಅದೇ ರೋಗಿ ಅಷ್ಟೂ ದಿನ ಬೇರೆಯವರ ಪಕ್ಕದ ಹಾಸಿಗೆಯಲ್ಲಿ ಕೆಮ್ಮುತ್ತಿರುತ್ತಾನೆ. ಯಾರಿಗೂ ಗೊತ್ತಿಲ್ಲ, ಬೇರೆ ಇಡಬೇಕು ಅನ್ನುವುದೂ ಹೊಳೆಯುವುದಿಲ್ಲ. ಎರಡನೆಯದರ ಬಗ್ಗೆ ಮಾತು ಕಡಿಮೆ, ನಷ್ಟ ಜಾಸ್ತಿ.

2006ರ ಆಗಸ್ಟ್‌ನಲ್ಲಿ ಟೊರಾಂಟೊದ ಏಡ್ಸ್ ಸಮ್ಮೇಳನದಲ್ಲಿ ಈ ವಿಷಯ ಹೊರಬಿತ್ತು. ಅದೇ ವರ್ಷದ ಕೊನೆಗೆ ಈ ತಂಡದ ನೀಲ್ ಗಾಂಧಿ ಮತ್ತು ಸಂಗಡಿಗರ ಲೇಖನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜಗತ್ತು ಬೆಚ್ಚಿತು. ಆದರೆ ಬ್ಯಾಕ್ಟೀರಿಯಾ ಅಷ್ಟು ಹೊಸದಾಗಿರಲಿಲ್ಲ. ಮುಂದೆ 2015ರಲ್ಲಿ ಅದೇ ಪ್ರಾಂತ್ಯದ ನೂರಾರು ಮಾದರಿಗಳ ಪೂರ್ತಿ ಜೀನೋಮ್ ಓದಿ ವಂಶಾವಳಿ ಬಿಡಿಸಿದರು. ಈ ಮನೆತನ ಐಸೋನಿಯಜಿಡ್‌ಗೆ ಬಗ್ಗದಂತಾದದ್ದು 1950ರ ದಶಕದಲ್ಲಿ. ಆ ಔಷಧಿ ಬಳಕೆಗೆ ಬಂದದ್ದೇ 1952ರಲ್ಲಿ! ಆಮೇಲೆ ಒಂದೊಂದಾಗಿ ಬೇರೆ ಔಷಧಿಗಳನ್ನೂ ದಾಟಿ, 1990ರ ದಶಕದಲ್ಲೇ ಅದು ಎಕ್ಸ್‌ಡಿಆರ್ ಆಗಿತ್ತು. ಮೋಲ್ ಕಫ ಕಳಿಸುವ ಹೊತ್ತಿಗೆ ಅದು ಹತ್ತು ವರ್ಷದಿಂದ ಊರೂರು ತಿರುಗುತ್ತಿತ್ತು. ಯಾರೂ ಕೇಳಿರಲಿಲ್ಲ, ಅದಕ್ಕೇ ಯಾರಿಗೂ ಸಿಕ್ಕಿರಲಿಲ್ಲ.

81 ಅಕ್ಷರ

ಬೆಳೆಸಿ ನೋಡುವುದು ಬೇಡ, ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ನೇರವಾಗಿ ಓದೋಣ ಅನ್ನುವ ಆಲೋಚನೆ ಆಗಲೇ ಇತ್ತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಪಟ್ಟಿ ಪರೀಕ್ಷೆ (ಎಲ್‌ಪಿಎ ಅನ್ನುತ್ತಾರೆ) ಒಂದೆರಡು ದಿನದಲ್ಲಿ ಉತ್ತರ ಕೊಡುತ್ತಿತ್ತು. ಆದರೆ ಅದಕ್ಕೆ ಮೂರು ಕೋಣೆಯ ಲ್ಯಾಬು, ಪಳಗಿದ ಕೈ ಬೇಕು. ಜಿಲ್ಲಾಸ್ಪತ್ರೆಗೂ ಎಟುಕದ್ದು.

ದೊಡ್ಡ ಬದಲಾವಣೆ ಬಂದದ್ದು 2010ರ ಡಿಸೆಂಬರ್‌ನಲ್ಲಿ, ಎಕ್ಸ್‌ಪರ್ಟ್ ಎಂಟಿಬಿ/ರಿಫ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದಾಗ. ನಮ್ಮಲ್ಲಿ ಇದನ್ನು ಸಿಬಿನ್ಯಾಟ್ ಅಂತ ಕರೆಯುತ್ತಾರೆ. ಕೆಲಸ ಇಷ್ಟೇ. ಕಫಕ್ಕೆ ಎರಡು ಪಾಲು ದ್ರಾವಣ ಹಾಕಿ ಅಲುಗಾಡಿಸಿ 15 ನಿಮಿಷ ಇಡಬೇಕು. ಕಫ ತೆಳ್ಳಗಾಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಅದನ್ನು ಪ್ಲಾಸ್ಟಿಕ್ ಕಾರ್ಟ್ರಿಡ್ಜಿಗೆ ಸುರಿದು ಯಂತ್ರಕ್ಕೆ ಕೊಟ್ಟರೆ ಎರಡು ಗಂಟೆಯಲ್ಲಿ ಎರಡು ಉತ್ತರ. ಟಿಬಿ ಇದೆಯೋ ಇಲ್ಲವೋ. ಇದ್ದರೆ, ರಿಫಾಂಪಿಸಿನ್‌ಗೆ ಬಗ್ಗುವುದೋ ಇಲ್ಲವೋ.

ಎರಡನೇ ಉತ್ತರ ಹೇಗೆ ಸಿಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದೆ ಇದೇ ಬೇಕಾಗುತ್ತದೆ. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಬದುಕಿಲ್ಲ. ಆ ನಕಲು ಯಂತ್ರದ ಸಂದಿಯಲ್ಲಿ ರಿಫಾಂಪಿಸಿನ್ ಹೋಗಿ ಕೂತು ಕೆಲಸ ನಿಲ್ಲಿಸುತ್ತದೆ. ಆ ಸಂದಿಯ ಆಕಾರ ಬರೆದಿರುವುದು ಆರ್‌ಪಿಒಬಿ ಅನ್ನುವ ಜೀನಿನಲ್ಲಿ. ಅಲ್ಲಿ ಒಂದಕ್ಷರ ಬದಲಾದರೂ ಸಂದಿಯ ಆಕಾರ ಬದಲಾಗಿ ಔಷಧಿ ಕೂರಲಾರದು. ನಮ್ಮ ಅದೃಷ್ಟಕ್ಕೆ, ರಿಫಾಂಪಿಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಶೇ. 95ಕ್ಕಿಂತ ಹೆಚ್ಚಿನವುಗಳ ಬದಲಾವಣೆ ಬರೀ 81 ಅಕ್ಷರದ ಒಂದು ತುಂಡಿನಲ್ಲೇ ಇರುತ್ತದೆ. ಯಂತ್ರ ಆ ತುಂಡನ್ನು ಪಿಸಿಆರ್ ಮಾಡಿ ಹೆಚ್ಚಿಸುತ್ತದೆ. ಅದರ ಮೇಲೆ ಐದು ಪುಟ್ಟ ದೀಪದಂಥ ಅಣುಗಳನ್ನು ಬಿಡುತ್ತದೆ. ಅಕ್ಷರ ಸರಿಯಾಗಿ ಹೊಂದಿದರೆ ದೀಪ ಹೊತ್ತುತ್ತದೆ. ಯಾವುದಾದರೂ ಒಂದು ಹೊತ್ತದಿದ್ದರೆ ಅಥವಾ ತಡವಾಗಿ ಹೊತ್ತಿದರೆ, ಅಲ್ಲಿ ಅಕ್ಷರ ಬದಲಾಗಿದೆ ಅಂತ ಅರ್ಥ.

2011ರ ಮಾರ್ಚ್ 24ರ ವಿಶ್ವ ಟಿಬಿ ದಿನ ದಕ್ಷಿಣ ಆಫ್ರಿಕಾ ಈ ಯಂತ್ರಗಳನ್ನು ದೇಶಾದ್ಯಂತ ಹಾಕಲು ಶುರುಮಾಡಿತು. ಬೇರೆ ಯಾವ ದೇಶವೂ ಅಷ್ಟು ಧೈರ್ಯವಾಗಿ ಮಾಡಿರಲಿಲ್ಲ. ಮುಖ್ಯವಾದ ಮಾತೆಂದರೆ, ಟಿಬಿ ಅನುಮಾನ ಇರುವ ಪ್ರತಿಯೊಬ್ಬರಿಗೂ ಇದೇ ಮೊದಲ ಪರೀಕ್ಷೆ ಅಂತ ತೀರ್ಮಾನಿಸಿತು. ಟುಗೇಲಾ ಫೆರ್ರಿಯಲ್ಲಿ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಇನ್ನು ಎಲ್ಲರ ಕಫಕ್ಕೂ ಕೇಳಲಾಗುತ್ತಿತ್ತು.

ಎರಡು ಗಂಟೆ, 17 ದಿನ

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಕೇಪ್ ಟೌನ್‌ನಲ್ಲಿ ಒಂದು ಲೆಕ್ಕ ಹಾಕಿದರು. ಕಫ ಕೊಟ್ಟಲ್ಲಿಂದ ಎಂಡಿಆರ್ ಚಿಕಿತ್ಸೆ ಶುರುವಾಗುವವರೆಗೆ ಎಷ್ಟು ದಿನ? ಎಲ್‌ಪಿಎ ಪದ್ಧತಿಯಲ್ಲಿ ಸಾಮಾನ್ಯವಾಗಿ 43 ದಿನ ಆಗುತ್ತಿತ್ತು. ಎಕ್ಸ್‌ಪರ್ಟ್ ಬಂದ ಮೇಲೆ 17ಕ್ಕೆ ಇಳಿಯಿತು.

ದೊಡ್ಡ ಸುಧಾರಣೆ, ನಿಜ. ಆದರೆ 16 ಅನ್ನುವ ಸಂಖ್ಯೆ ನೆನಪಿದೆಯಾ? ಯಂತ್ರದೊಳಗೆ ಎರಡು ಗಂಟೆ. ಉಳಿದ ದಿನಗಳೆಲ್ಲ ಎಲ್ಲಿ ಹೋದವು? ಕ್ಲಿನಿಕ್ಕಿನಿಂದ ಲ್ಯಾಬಿಗೆ ಕಫ ಹೋಗುವ ಗಾಡಿಯಲ್ಲಿ. ಯಂತ್ರದ ಮುಂದಿನ ಸಾಲಿನಲ್ಲಿ. ಮೇಜಿನ ಮೇಲೆ ಬಿದ್ದಿದ್ದ ವರದಿಯಲ್ಲಿ. ರೋಗಿಯ ಫೋನು ಹತ್ತದೇ ಇದ್ದಾಗ. ಎಂಡಿಆರ್ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾಗಲಿ ಅಂತ ಕಾದದ್ದರಲ್ಲಿ.

ಇನ್ನೂ ದೊಡ್ಡದೊಂದು ಪ್ರಯೋಗ ದಕ್ಷಿಣ ಆಫ್ರಿಕಾದಲ್ಲೇ ನಡೆಯಿತು. 20 ಲ್ಯಾಬುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಕ್ಸ್‌ಪರ್ಟ್, ಇನ್ನೊಂದಕ್ಕೆ ಹಳೇ ಮೈಕ್ರೋಸ್ಕೋಪು. 2015ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಸತ್ತವರ ಪ್ರಮಾಣದಲ್ಲಿ ಎರಡು ಗುಂಪಿಗೂ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ಇದನ್ನು ಓದಿ ಕೆಲವರು ಪರೀಕ್ಷೆಯಿಂದ ಪ್ರಯೋಜನವಿಲ್ಲ ಅಂದರು. ನಾನು ಹಾಗೆ ಓದುವುದಿಲ್ಲ. ಪರೀಕ್ಷೆ ತನ್ನ ಕೆಲಸ ಮಾಡಿತ್ತು. ಅದರ ಆಚೀಚೆ ಇದ್ದ ವ್ಯವಸ್ಥೆ ಮೊದಲಿನ ವೇಗದಲ್ಲೇ ನಡೆಯುತ್ತಿತ್ತು. ವೇಗದ ಪರೀಕ್ಷೆ ಅಂದಾಗ ನಾವು ಸುಮ್ನೆ ಯಂತ್ರದ ಗಂಟೆಗಳನ್ನು ಎಣಿಸುತ್ತೇವೆ. ರೋಗಿ ಕೆಮ್ಮಿ ಡಬ್ಬಿಗೆ ಉಗುಳಿದಲ್ಲಿಂದ ಸರಿಯಾದ ಮಾತ್ರೆ ಬಾಯಿಗೆ ಬೀಳುವವರೆಗೆ ಎಣಿಸಬೇಕು.

ಟುಗೇಲಾ ಫೆರ್ರಿಯವರಿಗೆ ಇದು ಬೇಗ ಅರ್ಥವಾಗಿತ್ತು. ಮೊದಲೆಲ್ಲ ಎಂಡಿಆರ್ ರೋಗಿ ದೂರದ ಡರ್ಬನ್ನಿನ ವಿಶೇಷ ಆಸ್ಪತ್ರೆಗೇ ಹೋಗಬೇಕಿತ್ತು. 2008ರಿಂದ ಅವರು ಊರಲ್ಲೇ ಚಿಕಿತ್ಸೆ ಶುರುಮಾಡಿದರು, ನರ್ಸ್‌ಗಳು ಮನೆಗೇ ಹೋಗಿ ಇಂಜೆಕ್ಷನ್ ಕೊಟ್ಟರು. ವಾರ್ಡುಗಳಲ್ಲಿ ಗಾಳಿಯಾಡುವಂತೆ ಮಾಡಿದರು. ಕಿಟಕಿ ತೆರೆದಿಡುವುದು, ಮಾಸ್ಕು, ರೋಗಿಗಳನ್ನು ಬೇಗ ಮನೆಗೆ ಕಳಿಸುವುದು, ಬೇಗ ಪರೀಕ್ಷೆ, ಇವೆಲ್ಲ ಸೇರಿದರೆ ಅಲ್ಲಿನ ಹೊಸ ಎಕ್ಸ್‌ಡಿಆರ್ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧವನ್ನು ತಪ್ಪಿಸಬಹುದು ಅಂತ 2007ರಲ್ಲೇ ಒಂದು ಗಣಿತದ ಲೆಕ್ಕ ತೋರಿಸಿತ್ತು.

81ರ ಆಚೆ

ಟುಗೇಲಾ ಫೆರ್ರಿಯ ಉತ್ತರಕ್ಕೆ, ಗಡಿಯಾಚೆ ಒಂದು ಪುಟ್ಟ ದೇಶವಿದೆ. ಆಗ ಸ್ವಾಜಿಲ್ಯಾಂಡ್, ಈಗ ಎಸ್ವಾಟಿನಿ. ಅಲ್ಲಿನ 2009ರ ಸಮೀಕ್ಷೆಯ ಎಂಡಿಆರ್ ಮಾದರಿಗಳನ್ನು ಮತ್ತೆ ತೆಗೆದು ನೋಡಿದಾಗ, ಶೇ. 30ರಷ್ಟರಲ್ಲಿ ರಿಫಾಂಪಿಸಿನ್ ಬದಲಾವಣೆ ಆ 81 ಅಕ್ಷರದ ಹೊರಗಿತ್ತು. ಐ491ಎಫ್ ಅನ್ನುವ ಬದಲಾವಣೆ. ಐದೂ ದೀಪ ಹೊತ್ತುತ್ತವೆ, ಯಂತ್ರ 'ರಿಫಾಂಪಿಸಿನ್ ನಡೆಯುತ್ತದೆ' ಅನ್ನುತ್ತದೆ, ರೋಗಿಗೆ ಅದೇ ಮಾತ್ರೆ ಕೊಡುತ್ತಾರೆ. ಆ ಮಾತ್ರೆ ನಡೆಯುವುದಿಲ್ಲ. ಎಲ್ಲರೂ ಅದೇ ಪರೀಕ್ಷೆಯನ್ನೇ ನಂಬಿದಾಗ, ಅದರ ಕಣ್ಣಿಗೆ ಬೀಳದ ಬ್ಯಾಕ್ಟೀರಿಯಾವೇ ಹಬ್ಬಲು ದಾರಿಯಾಗುತ್ತದೆ. ಮಾತ್ರೆಗೆ ರೋಗಿ ಗುಣವಾಗುತ್ತಿಲ್ಲ ಅಂತ ಕಂಡರೆ ಯಂತ್ರದ ಮಾತನ್ನು ಬದಿಗಿಟ್ಟು ಮೋಲ್ ಪಟ್ಟಂಥ ಅನುಮಾನ ಪಡುವವರು ಆಗಲೂ ಬೇಕು.

ಇನ್ನೊಂದು ಕುಂದು, ಈ ಪರೀಕ್ಷೆ ಐಸೋನಿಯಜಿಡ್ ಬಗ್ಗೆ ಏನೂ ಹೇಳುವುದಿಲ್ಲ. ಟುಗೇಲಾ ಫೆರ್ರಿಯ ಬ್ಯಾಕ್ಟೀರಿಯಾ ಮೊದಲು ದಾಟಿದ್ದು ಅದೇ ಮೆಟ್ಟಿಲನ್ನು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಇನ್ನೊಂದು ಕಾರ್ಟ್ರಿಡ್ಜ್ ಐಸೋನಿಯಜಿಡ್, ಫ್ಲೂರೋಕ್ವಿನೊಲೋನ್ (ಸಿಪ್ರೊಫ್ಲಾಕ್ಸಸಿನ್ ಜಾತಿಯವು) ಮತ್ತು ಕನಾಮೈಸಿನ್‌ನಂಥ ಇಂಜೆಕ್ಷನ್ ಔಷಧಿಗಳನ್ನೂ ಒಂದೂವರೆ ಗಂಟೆಯಲ್ಲಿ ನೋಡುತ್ತದೆ. 2005ರಲ್ಲಿ ಇದಿದ್ದರೆ ಆ 53 ಮಂದಿಯ ಉತ್ತರ ಅದೇ ದಿನ ಮಧ್ಯಾಹ್ನ ಸಿಗುತ್ತಿತ್ತು.

ಬೆಂಗಳೂರಿನ ಕೊಂಡಿ

ಎಕ್ಸ್‌ಪರ್ಟ್ ಯಂತ್ರಕ್ಕೆ ನಿಲ್ಲದ ಕರೆಂಟು ಬೇಕು, ಕೋಣೆ ತಂಪಾಗಿರಬೇಕು. ಕಾರ್ಟ್ರಿಡ್ಜಿನ ಬೆಲೆ ಬಡ ದೇಶಗಳಿಗೆ ರಿಯಾಯಿತಿಯಲ್ಲೇ 2012ರಿಂದ ಹತ್ತಿರ ಹತ್ತಿರ 10 ಡಾಲರ್, 2023ರಲ್ಲಿ 8ರ ಆಸುಪಾಸಿಗೆ ಇಳಿಯಿತು. ಟುಗೇಲಾ ಫೆರ್ರಿಯಂಥ ಊರು ನಮ್ಮಲ್ಲೂ ಎಷ್ಟಿಲ್ಲ? ಮಧ್ಯಾಹ್ನ ಕರೆಂಟು ಹೋದರೆ ಸಂಜೆ ಬರುವ ತಾಲ್ಲೂಕುಗಳು, ಏಪ್ರಿಲ್ ಬಿಸಿಲಿಗೆ ಕಾದು ಹೋಗುವ ರಾಯಚೂರು, ಕಲಬುರಗಿ ಕಡೆಯ ಆರೋಗ್ಯ ಕೇಂದ್ರಗಳು.

ಇದಕ್ಕೆ ಉತ್ತರ ಹುಡುಕಿದವರು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರು. ಗೋವಾದ ಮೋಲ್‌ಬಯೋ ಕಂಪನಿ ಅದನ್ನು ಟ್ರೂನ್ಯಾಟ್ ಅಂತ ತಯಾರಿಸಿತು. ಬ್ಯಾಟರಿಯಲ್ಲಿ ನಡೆಯುವ, ಮೇಜಿನ ಮೂಲೆಯಲ್ಲಿ ಇಡಬಹುದಾದ ಪಿಸಿಆರ್ ಯಂತ್ರ. ಮೊದಲ ಚಿಪ್ ಟಿಬಿ ಇದೆಯೇ ಅಂತ ನೋಡುತ್ತದೆ. ಇದ್ದರೆ, ಅದೇ ಕಫದಿಂದ ತೆಗೆದ ಡಿಎನ್‌ಎಯನ್ನು ಇನ್ನೊಂದು ಚಿಪ್ಪಿಗೆ ಹಾಕಿ ರಿಫಾಂಪಿಸಿನ್ ನೋಡುತ್ತಾರೆ. ರೋಗಿಯನ್ನು ಮತ್ತೆ ಕಫಕ್ಕಾಗಿ ಕರೆಯಬೇಕಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತು. ಬಳ್ಳಾರಿ ರಸ್ತೆಯಲ್ಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವ ಊರಿನಿಂದ ಇಂಥದ್ದು ಬಂತು ಅನ್ನುವುದು ನನಗೆ ನಿಜಕ್ಕೂ ಸಂತೋಷ ಕೊಡುತ್ತದೆ. ಯಂತ್ರ ರೋಗಿಯ ಹತ್ತಿರ ಬಂದಷ್ಟೂ ಗಾಡಿಯಲ್ಲಿ ಕಳೆಯುವ ದಿನಗಳು ಉಳಿಯುತ್ತವೆ. ಆದರೂ ರಿಫಾಂಪಿಸಿನ್ ನಡೆಯುವುದಿಲ್ಲ ಅಂತ ಗೊತ್ತಾದ ಮೇಲೆ ಉಳಿದ ಔಷಧಿಗಳ ಪರೀಕ್ಷೆಗೆ ಕಫ ದೊಡ್ಡ ಲ್ಯಾಬಿಗೆ ಹೋಗಲೇಬೇಕು. ಅಲ್ಲಿ ಮತ್ತೆ ಅದೇ ಗಾಡಿ, ಅದೇ ಸಾಲು.

ಎಕ್ಸ್‌ಡಿಆರ್ ರೋಗಿಗಳ ಪಾಡು ಈಗ ಬದಲಾಗಿದೆ, ಇದನ್ನು ಹೇಳಲೇಬೇಕು. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್ ಅನ್ನುವ ಮೂರು ಮಾತ್ರೆಗಳನ್ನು ಆರು ತಿಂಗಳು ಕೊಟ್ಟು ನೋಡುವ ಪ್ರಯೋಗ ದಕ್ಷಿಣ ಆಫ್ರಿಕಾದಲ್ಲೇ ನಡೆಯಿತು. ಕಷ್ಟದ ಟಿಬಿಯ 109 ಮಂದಿ, ಬಹುಪಾಲು ಎಕ್ಸ್‌ಡಿಆರ್ ರೋಗಿಗಳು. 2020ರಲ್ಲಿ ಫಲಿತಾಂಶ ಬಂತು: ಹತ್ತರಲ್ಲಿ ಒಂಬತ್ತು ಮಂದಿ ಗುಣವಾಗಿದ್ದರು. 53ರಲ್ಲಿ 52 ಸಾವು ಕಂಡ ದೇಶದಲ್ಲಿ ಇದು.

ಆ ಮೂರರ ಬೆನ್ನೆಲುಬು ಬೆಡಾಕ್ವಿಲಿನ್. ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಿರುವುದನ್ನು ಆಗಲೇ ಕಲಿಯುತ್ತಿದೆ. ಅದರ ಬದಲಾವಣೆಗಳು ರಿಫಾಂಪಿಸಿನ್‌ನದರಂತೆ 81 ಅಕ್ಷರದ ಒಂದು ತುಂಡಿನಲ್ಲಿ ಕೂತಿಲ್ಲ. ಆರ್‌ವಿ0678 ಅನ್ನುವ ಜೀನಿನ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಚದುರಿವೆ. ಐದು ದೀಪ ಹಾಕಿ ಹಿಡಿಯುವಂಥದ್ದಲ್ಲ. ಜೀನನ್ನು ಪೂರ್ತಿ ಓದುವ ಸೀಕ್ವೆನ್ಸಿಂಗ್ ದೊಡ್ಡ ಲ್ಯಾಬುಗಳಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡಿದೆ. ಹಳ್ಳಿಯ ಆಸ್ಪತ್ರೆಗೆ ಅದು ಇನ್ನೂ ಬಂದಿಲ್ಲ. ಹೊಸ ಮಾತ್ರೆ ನುಂಗಿಯೂ ಗುಣವಾಗದ ರೋಗಿಯ ಕಫ ಇವತ್ತಿಗೂ ಬಹುತೇಕ ಕಡೆ ಲ್ಯಾಬಿನ ಟ್ಯೂಬಿನಲ್ಲಿ, ಬೆಳೆಯಲಿ ಅಂತ ವಾರಗಟ್ಟಲೆ ಕಾಯುತ್ತದೆ.